ನಮ್ಮ ಕಾರಿನ ವರದಿಯನ್ನು ನಾವೇ ಓದಬಾರದೇಕೆ?



ಮೂವತ್ತನಾಲ್ಕು ವರ್ಷ ಸೀಮೆಸುಣ್ಣ ಹಿಡಿದು ವಿಜ್ಞಾನ, ಗಣಿತಗಳನ್ನು ಬೋಧಿಸಿದವನು ಈಗ ಕಾರಿನ ಬಾನೆಟ್ಟಿನೊಳಗೆ ತಲೆಹಾಕಿ ಲೇಖನ ಬರೆಯಲು ಹೊರಟಿದ್ದಾನೆಂದು ನಿಮ್ಮಲ್ಲಿ ಕೆಲವರು ನಗಬಹುದು. ನಗಿರಿ, ಅಡ್ಡಿಯಿಲ್ಲ. ನಾನು ಜಗಳಕ್ಕೆ ನಿಂತಿರುವ ವಿಷಯ ಬಹಳ ಸಣ್ಣದು. ನಾವು ದುಡ್ಡು ಕೊಟ್ಟು ಕೊಂಡ ವಾಹನವು ತನ್ನ ಕಾಯಿಲೆಯೇನೆಂದು ತಾನೇ ಬರೆದಿಟ್ಟುಕೊಂಡಿರುವಾಗ, ಆ ಬರಹವನ್ನು ಓದುವ ಅಧಿಕಾರ ನಮಗಿದೆಯೋ ಇಲ್ಲವೋ? ಇದೆ ಎಂಬುದು ನನ್ನ ವಾದ. ಅದನ್ನು ಓದಲು ಬೇಕಾದ ಸಾಧನವು ಎರಡು ಮೂರು ಸಾವಿರ ರೂಪಾಯಿಯೊಳಗೆ ದೊರೆಯುತ್ತದೆಂಬುದೂ, ಮನೆಯ ಬಳಕೆಗೆ ಅದಕ್ಕಿಂತ ಹೆಚ್ಚು ಸುರಿಯುವುದು ಶುದ್ಧ ದುಂದುಗಾರಿಕೆಯೆಂಬುದೂ ಅದೇ ವಾದದ ಮುಂದುವರಿಕೆ.

ಕಳೆದ ಬೇಸಿಗೆಯ ಮಾತು. ಕಾಯಿ ಕೀಳಿಸುವ ಕೆಲಸಕ್ಕೆಂದು ಗುಬ್ಬಿಯ ಬಳಿಯಿರುವ ನಮ್ಮ ಹಳ್ಳಿಯ ಮನೆಯಲ್ಲಿ ಹತ್ತು ದಿನ ಉಳಿದಿದ್ದೆವು. ಕಾರು ಅಷ್ಟೂ ದಿನ ಕೊಟ್ಟಿಗೆಯ ಪಕ್ಕದ ಚಪ್ಪರದಲ್ಲಿ, ಗೋಣಿಚೀಲಗಳ ಮಗ್ಗುಲಲ್ಲಿ ನಿಂತೇ ಇತ್ತು. ಹಿಂದಿರುಗುವ ದಿನ ಗುಬ್ಬಿ ಪೇಟೆಯನ್ನು ದಾಟಿ ತುಮಕೂರಿನ ಹಾದಿ ಹಿಡಿಯುತ್ತಿದ್ದಂತೆಯೇ ಸ್ಟಿಯರಿಂಗಿನ ಮುಂದೆ ಹಳದಿ ದೀಪವೊಂದು ಹೊತ್ತಿಕೊಂಡಿತು. "ಇದೇನ್ರೀ, ಆಮೆಯಂಥದ್ದು ಉರೀತಿದೆ?" ಎಂದು ನನ್ನ ಶ್ರೀಮತಿ ಕೇಳಿದಳು. ಎಂಜಿನ್ನಿನ ಚಿತ್ರವನ್ನು ಆಮೆಯೆಂದು ಕರೆದುದರಲ್ಲಿ ತಪ್ಪೇನೂ ಇಲ್ಲ. ನೀವೂ ಒಮ್ಮೆ ನೋಡಿ. ಕಾರು ಎಂದಿನಂತೆಯೇ ಓಡುತ್ತಿತ್ತು, ಬಿಸಿಯ ಮುಳ್ಳೂ ತನ್ನ ಜಾಗದಲ್ಲಿಯೇ ಇತ್ತು. ಮಾರನೆಯ ದಿನ ತುಮಕೂರಿನ ಒಂದು ಸರ್ವಿಸ್ ಸೆಂಟರಿಗೆ ಕೊಂಡೊಯ್ದೆ. ಹೆಸರು ಬೇಡ.

ಅಲ್ಲಿನ ತರುಣನೊಬ್ಬ ಕೈಯಲ್ಲೊಂದು ಉಪಕರಣ ಹಿಡಿದು ಬಂದು, ಸ್ಟಿಯರಿಂಗಿನ ಕೆಳಗೆ ಅದರ ತುದಿಯನ್ನು ಸಿಕ್ಕಿಸಿ, ಮೂರು ನಿಮಿಷ ನೋಡಿದ. ನಾನು ಇಣುಕಿದಾಗ ಪರದೆಯನ್ನು ಆ ಕಡೆಗೆ ತಿರುಗಿಸಿಕೊಂಡ. ಆಮೇಲೆ ಎಸ್ಟಿಮೇಟ್ ಬಂತು: ಸೆನ್ಸಾರ್ ಹೋಗಿದೆ, ಅದರ ವೈರಿಂಗ್ ಪೂರ್ತಿ ಬದಲಾಯಿಸಬೇಕು, 14,600 ರೂಪಾಯಿ. ಮಾಡಿಸಲಿ ಬಿಡಲಿ, ಸ್ಕ್ಯಾನ್ ಮಾಡಿದ್ದಕ್ಕೆ 850 ಬೇರೆ. "ಯಾವ ಕೋಡ್ ಬಂದಿದೆಯಪ್ಪಾ, ಒಂದು ಚೀಟಿಯಲ್ಲಿ ಬರೆದುಕೊಡು" ಎಂದೆ. "ಅದು ಕಂಪನಿ ಡೇಟಾ ಅಂಕಲ್, ಕಸ್ಟಮರಿಗೆ ಕೊಡೋ ಹಾಗಿಲ್ಲ. ಕೊಟ್ಟರೂ ನಿಮಗೆ ಅರ್ಥ ಆಗಲ್ಲ" ಎಂದ.

ಮೊದಲನೆಯ ವಾಕ್ಯವನ್ನು ನಾನು ಸಹಿಸಿಕೊಂಡೇನು. ಪಾಪ, ಯಾರೋ ಹೇಳಿಕೊಟ್ಟದ್ದನ್ನು ಅವನು ಒಪ್ಪಿಸುತ್ತಿದ್ದ. ಎರಡನೆಯ ವಾಕ್ಯ ಮಾತ್ರ ಇಂದಿಗೂ ಎದೆಯಲ್ಲಿ ಚುಚ್ಚುತ್ತಿದೆ. ಉತ್ತರಪತ್ರಿಕೆಯನ್ನು ಹುಡುಗರ ಕೈಗೆ ಕೊಡದೆ ಬರೀ ಅಂಕವನ್ನು ಕೂಗಿ ಹೇಳುವ ಅಧ್ಯಾಪಕರನ್ನು ನಾನು ಎಂದೂ ಒಪ್ಪಿದವನಲ್ಲ. ಈ ವಿಷಯಕ್ಕೆ ಸ್ಟಾಫ್ ರೂಮಿನಲ್ಲಿ ನಡೆದ ಜಗಳಗಳು ನಿಮ್ಮಲ್ಲಿ ಕೆಲವರಿಗೆ ಗೊತ್ತು. 'ನಿನಗೆ ಅರ್ಥವಾಗುವುದಿಲ್ಲ' ಎಂಬ ಮಾತನ್ನು ಕೊನೆಯ ಬೆಂಚಿನ ಹುಡುಗನಿಗೂ ನಾನು ಆಡಿಲ್ಲ. 850 ರೂಪಾಯಿ ಕೊಟ್ಟು, ರಸೀತಿ ಪಡೆದು, ಕಾರನ್ನು ಹಾಗೆಯೇ ಹೊರತಂದೆ.

ಆ ಭಾನುವಾರ ಕುಣಿಗಲ್ಲಿನಲ್ಲಿರುವ ತಂಗಿಯ ಮನೆಗೆ ಹೋಗುವುದಿತ್ತು. ಹೆಬ್ಬೂರಿನ ಮೇಲೆ ಹೋದೆವು, ದೀಪ ಉರಿಯುತ್ತಲೇ ಇತ್ತು. ಕುಣಿಗಲ್ಲಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಸಣ್ಣ ಗ್ಯಾರೇಜಿದೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಎರಡು ಸಲ ದಂಡಯಾತ್ರೆ ಮಾಡಿದವನು. (ಹೆಸರು ಬರೆದರೆ ಮುನಿಸಿಕೊಳ್ಳುತ್ತಾನೆ.) ಅವನು ಜೇಬಿನಿಂದ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ವಸ್ತುವನ್ನು ತೆಗೆದು ಅದೇ ಜಾಗಕ್ಕೆ ಸಿಕ್ಕಿಸಿದ. ತನ್ನ ಮೊಬೈಲ್ ಫೋನನ್ನು ನನ್ನ ಕೈಗೇ ಕೊಟ್ಟು "ನೀವೇ ಓದಿ ಸಾರ್" ಎಂದ. ಪರದೆಯ ಮೇಲೆ ಪಿ0113 ಎಂದಿತ್ತು. ಒಳಹೋಗುವ ಗಾಳಿಯ ಉಷ್ಣತೆಯನ್ನು ಅಳೆಯುವ ಸೆನ್ಸಾರಿನ ಸರ್ಕ್ಯೂಟಿನಲ್ಲಿ ವೋಲ್ಟೇಜು ಮಿತಿಮೀರಿದೆ ಎಂದು ಅದರ ಅರ್ಥ. ಇನ್ನೊಂದು ಪುಟವನ್ನು ತೆರೆದ. ಅಲ್ಲಿ ಆ ಗಾಳಿಯ ಉಷ್ಣತೆ ಎಷ್ಟೆಂದು ಕಾರೇ ಹೇಳುತ್ತಿತ್ತು: ಮೈನಸ್ 40 ಡಿಗ್ರಿ!

"ಸಾರ್, ಕುಣಿಗಲ್ಲಿನಲ್ಲಿ ಹಿಮ ಬೀಳ್ತಿದೆ" ಎಂದು ಅವನು ನಕ್ಕ. ನಾನು ಅಂಗಿಯ ತೋಳಿನಿಂದ ಬೆವರು ಒರೆಸಿಕೊಳ್ಳುತ್ತಿದ್ದೆ.

ಮೈನಸ್ ನಲವತ್ತು ಎಂದಕೂಡಲೇ ನಿಮ್ಮಲ್ಲಿ ಕೆಲವರಿಗಾದರೂ ಒಂಬತ್ತನೆಯ ತರಗತಿಯ ನೆನಪಾಗಬೇಕು. ಸೆಲ್ಸಿಯಸ್, ಫ್ಯಾರನ್‌ಹೀಟ್ ಎರಡೂ ಒಂದೇ ಸಂಖ್ಯೆಯನ್ನು ತೋರಿಸುವ ಉಷ್ಣತೆ ಯಾವುದು ಎಂಬ ಲೆಕ್ಕವನ್ನು ಪ್ರತಿವರ್ಷವೂ ಕೊಡುತ್ತಿದ್ದೆನಲ್ಲ, ಅದರ ಉತ್ತರವಿದು. ಆ ಸಂಖ್ಯೆ ಇಲ್ಲಿ ಪ್ರತ್ಯಕ್ಷವಾದದ್ದಕ್ಕೂ ಕಾರಣವಿದೆ. ಈ ಸೆನ್ಸಾರಿನೊಳಗಿರುವುದು ಥರ್ಮಿಸ್ಟರ್. ಬಿಸಿಯೇರಿದಂತೆ ಅದರ ರೋಧ ಇಳಿಯುತ್ತದೆ, ತಣ್ಣಗಾದಂತೆ ಏರುತ್ತದೆ. ತಂತಿಯೇ ತುಂಡಾದರೆ ರೋಧವು ಅಪರಿಮಿತ. ಆಗ ಕಾರಿನ ಕಂಪ್ಯೂಟರು 'ಅಬ್ಬಾ, ಎಂಥ ಚಳಿ!' ಎಂದುಕೊಂಡು ತನ್ನ ಅಳತೆಪಟ್ಟಿಯ ಕಟ್ಟಕಡೆಯ ಅಂಕಿಯನ್ನು ತೋರಿಸುತ್ತದೆ. ಹಾಗಾದರೆ ಹುಡುಕಬೇಕಾದದ್ದು ತುಂಡಾದ ತಂತಿಯನ್ನು. ಹುಡುಗ ಟಾರ್ಚ್ ಹಿಡಿದು ನೋಡಿದ. ಸೆನ್ಸಾರಿನಿಂದ ಒಂದು ಗೇಣು ದೂರದಲ್ಲಿ ಇಲಿ ಕಡಿದಿತ್ತು. ನಮ್ಮ ಚಪ್ಪರದ ಗೋಣಿಚೀಲದ ಇಲಿ! ಬೆಸುಗೆ ಹಾಕಿ ಟೇಪು ಸುತ್ತಲು ಇಪ್ಪತ್ತು ನಿಮಿಷ ಹಿಡಿಯಿತು. ದುಡ್ಡು ಬೇಡವೆಂದ, ಬಲವಂತವಾಗಿ ಇನ್ನೂರು ರೂಪಾಯಿ ಜೇಬಿಗೆ ತುರುಕಿದೆ. ಸೆನ್ಸಾರು ಇಂದಿಗೂ ಹಳೆಯದೇ, ಚೆನ್ನಾಗಿಯೇ ಇದೆ.

ಕೋಡಿನ ವಿವರಣೆಯಲ್ಲಿ 'ಸರ್ಕ್ಯೂಟ್' ಎಂಬ ಶಬ್ದ ಸ್ಪಷ್ಟವಾಗಿತ್ತು. ಸರ್ವಿಸ್ ಸೆಂಟರಿನಲ್ಲಿ ಅದನ್ನು 'ಸೆನ್ಸಾರ್' ಎಂದು ಓದಿದರು. ಪ್ರಶ್ನೆಯನ್ನು ಪೂರ್ತಿ ಓದದೆ ಉತ್ತರ ಬರೆಯುವ ಹುಡುಗರಿಗೆ ನಾನು ಏನು ಮಾಡುತ್ತಿದ್ದೆನೆಂಬುದನ್ನು ಇಲ್ಲಿ ನೆನಪಿಸುವುದಿಲ್ಲ.

ಈಗ 'ಕಂಪನಿ ಡೇಟಾ' ಎಂಬ ಮಾತಿಗೆ ಬರೋಣ. ಸ್ಟಿಯರಿಂಗಿನ ಕೆಳಗಿರುವ ಆ ಹದಿನಾರು ರಂಧ್ರಗಳ ಸಾಕೆಟ್ಟು ಯಾವ ಕಂಪನಿಯ ಔದಾರ್ಯದಿಂದಲೂ ಬಂದದ್ದಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು, ಮುಖ್ಯವಾಗಿ ಲಾಸ್ ಏಂಜಲೀಸ್ ನಗರವು, ವಾಹನಗಳ ಹೊಗೆಯಿಂದ ಉಸಿರುಗಟ್ಟಿದ ಕಾಲದಲ್ಲಿ ಕಾನೂನಿನ ಬಲವಂತದಿಂದ ಹುಟ್ಟಿದ ವ್ಯವಸ್ಥೆ ಅದು. ಹೊಗೆಯನ್ನು ಹೆಚ್ಚಿಸುವ ದೋಷವನ್ನು ವಾಹನವೇ ಪತ್ತೆಹಚ್ಚಿ, ದೀಪ ಹೊತ್ತಿಸಿ, ಕೋಡ್ ಬರೆದಿಡಬೇಕೆಂಬ ನಿಯಮ ಅಲ್ಲಿ 1988ರ ಮಾದರಿಯ ಕಾರುಗಳಿಗೆ ಬಂತು. ಆದರೆ ಆಗ ಒಂದೊಂದು ಕಂಪನಿಯ ಸಾಕೆಟ್ಟೂ ಬೇರೆ, ಕೋಡಿನ ಭಾಷೆಯೂ ಬೇರೆ. 1990ರಲ್ಲಿ ತಿದ್ದುಪಡಿಯಾದ ಅಮೆರಿಕದ ಶುದ್ಧ ವಾಯು ಕಾಯಿದೆಯು, ಸಾಕೆಟ್ಟು ಏಕರೂಪವಾಗಿರಬೇಕು, ಓದಲು ಯಾರಿಗೂ ತಡೆಯಿರಬಾರದು ಎಂದು ವಿಧಿಸಿತು. 1996ರಿಂದ ಅಲ್ಲಿ ಮಾರಾಟವಾದ ಎಲ್ಲ ಹೊಸ ಕಾರುಗಳಲ್ಲಿ ಇಂದು ನಾವು ಓಬಿಡಿ-2 ಎನ್ನುವ ವ್ಯವಸ್ಥೆ ನೆಲೆಗೊಂಡಿತು. ನಮ್ಮಲ್ಲಿ ಭಾರತ್ ಸ್ಟೇಜ್ 4ರ ವಾಹನಗಳಿಗೆ 2010ರ ಏಪ್ರಿಲ್‌ನಿಂದ ಮೊದಲ ಹಂತವೂ, 2013ರ ಏಪ್ರಿಲ್‌ನಿಂದ ಎರಡನೆಯ ಹಂತವೂ ಕಡ್ಡಾಯವಾದವು. ಬೀದಿಯ ಬದಿಯ ಗ್ಯಾರೇಜಿನವನೂ ಓದಲೆಂದೇ ಶಾಸನಮಾಡಿ ತೆರೆಸಿದ ಕಿಟಕಿಗೆ ಇವರು ಪರದೆ ಎಳೆಯುತ್ತಾರೆ!

ನಮ್ಮ ದೇಶದಲ್ಲಿಯೂ ಇದು ಹೊಸ ಜಗಳವಲ್ಲ. ಶಂಶೇರ್ ಕಟಾರಿಯಾ ಎಂಬ ಗ್ರಾಹಕರು 2011ರಲ್ಲಿ ಭಾರತ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟರು. ಕಾರು ಕಂಪನಿಗಳು ಅಸಲಿ ಬಿಡಿಭಾಗಗಳನ್ನೂ ದೋಷಪತ್ತೆಯ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ದೊರೆಯದಂತೆ ಮಾಡಿವೆ ಎಂಬುದು ಅವರ ಅಹವಾಲು. 2014ರ ಆಗಸ್ಟ್ 25ರಂದು ಆಯೋಗವು 14 ಕಾರು ಕಂಪನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ವಿಧಿಸಿತು. ಕಂಪನಿಗಳು ಮೇಲ್ಮನವಿಗೆ ಹೋದವೆಂಬುದು ಬೇರೆ ಮಾತು. 2022ರಲ್ಲಿ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯೇ 'ದುರಸ್ತಿಯ ಹಕ್ಕು' ಎಂಬ ಹೆಸರಿನಲ್ಲಿ ಜಾಲತಾಣವೊಂದನ್ನು ತೆರೆಯಿತು. ಅದರಲ್ಲಿ ವಾಹನಗಳೂ ಸೇರಿವೆ. ದೆಹಲಿಯಲ್ಲಿ ಒಪ್ಪಿದ ಮಾತು ತುಮಕೂರಿನ ಸರ್ವಿಸ್ ಸೆಂಟರಿನ ಗಾಜಿನ ಬಾಗಿಲನ್ನು ದಾಟಿ ಒಳಬರಲು ಇನ್ನೆಷ್ಟು ಕಾಲ ಬೇಕೋ!

ಅಲ್ಲಿಯವರೆಗೆ ಕಾಯಬೇಕಾಗಿಲ್ಲ, ಒಂದು ಸ್ಕ್ಯಾನರನ್ನು ಕೊಂಡುಕೊಳ್ಳಿ. ಯಾವುದನ್ನು ಎಂಬ ಪ್ರಶ್ನೆಗೆ ನಾನು ಎರಡು ತಿಂಗಳು ತಲೆ ಕೆಡಿಸಿಕೊಂಡು, ಒಂದು ಸಲ ಮೋಸಹೋಗಿ, ಒಂದು ಅಭಿಪ್ರಾಯಕ್ಕೆ ಬಂದಿದ್ದೇನೆ.

ಮೋಸಹೋದ ಕಥೆಯನ್ನು ಮೊದಲು ಹೇಳುತ್ತೇನೆ. ಐನೂರು ರೂಪಾಯಿಗೆ ಸಿಗುವ ನೀಲಿ ಬಣ್ಣದ ಬ್ಲೂಟೂತ್ ಅಡಾಪ್ಟರುಗಳೆಲ್ಲದರ ಮೇಲೆ 'ಇಎಲ್‌ಎಂ 327' ಎಂದು ಬರೆದಿರುತ್ತದೆ. ಈ ಚಿಪ್ಪನ್ನು ರೂಪಿಸಿದ್ದು ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ಎಂಬ ಸಣ್ಣ ಕಂಪನಿ. 2022ರಲ್ಲಿ ಅದು ಬಾಗಿಲು ಮುಚ್ಚಿತು. ಅದರ ಹಳೆಯ ಆವೃತ್ತಿಯನ್ನು ನಕಲು ಮಾಡಿದವರು ತಮಗೆ ತೋಚಿದ ಅಂಕಿಗಳನ್ನು ಅಂಟಿಸಿ ಮಾರಿದರು. ಪೆಟ್ಟಿಗೆಯ ಮೇಲೆ ಧಾರಾಳವಾಗಿ ಕಾಣುವ 1.5 ಎಂಬ ಆವೃತ್ತಿಯನ್ನು ಮೂಲ ಕಂಪನಿ ಹೊರತಂದೇ ಇರಲಿಲ್ಲ! ದೊಡ್ಡ ಅಂಕಿಯಿದ್ದರೆ ಒಳ್ಳೆಯದಿರಬೇಕೆಂದು ನಾನು 2.1 ಎಂದಿದ್ದುದನ್ನು ತರಿಸಿದೆ. ನನ್ನ 2018ರ ಕಾರಿನೊಡನೆ ಅದು ಸರಿಯಾಗಿಯೇ ಮಾತಾಡಿತು. ತಮ್ಮನ ಹಳೆಯ ಕಾರಿನ ಮುಂದೆ ಬಾಯೇ ಬಿಡಲಿಲ್ಲ. ಇಂಥ ನಕಲುಗಳಲ್ಲಿ ಅನೇಕವು ಹಳೆಯ ಕಾರುಗಳ ಸಂವಹನದ ವಿಧಾನವನ್ನೇ ಕೈಬಿಟ್ಟಿರುತ್ತವೆ. ಬಂದರೆ ಭಾಗ್ಯ, ಇಲ್ಲದಿದ್ದರೆ ಐನೂರು ರೂಪಾಯಿ ನೀರಿಗೆ.

ಆದ್ದರಿಂದ, ಸ್ಮಾರ್ಟ್‌ಫೋನಿನಲ್ಲಿ ಪಳಗಿದವರು ಸಾವಿರ ಎರಡು ಸಾವಿರಕ್ಕೆ ಸಿಗುವ, ಹಿಂದಿರುಗಿಸಲು ಅವಕಾಶವಿರುವ ಅಡಾಪ್ಟರನ್ನೇ ತೆಗೆದುಕೊಳ್ಳಲಿ. ಐಫೋನ್ ಇರುವವರು ಹಳೆಯ ಬಗೆಯ ಬ್ಲೂಟೂತಿನದ್ದನ್ನು ಕೊಳ್ಳಬಾರದು, ಅದು ಜೋಡಣೆಯಾಗುವುದಿಲ್ಲ. ವೈಫೈ ಅಥವಾ ಬ್ಲೂಟೂತ್ ಎಲ್‌ಇ ಇರುವುದನ್ನು ಕೇಳಿ ಪಡೆಯಬೇಕು. ನನ್ನ ವಯಸ್ಸಿನವರಿಗೆ ನಾನು ಹೇಳುವುದು ಬೇರೆ. ತಂತಿ, ಪುಟ್ಟ ಪರದೆ, ನಾಲ್ಕೈದು ಗುಂಡಿಗಳಿರುವ ಕೈಸ್ಕ್ಯಾನರ್ ಎರಡರಿಂದ ಮೂರು ಸಾವಿರಕ್ಕೆ ಬರುತ್ತದೆ. ಅದಕ್ಕೆ ಫೋನೂ ಬೇಡ, ಆ್ಯಪೂ ಬೇಡ, ಪಾಸ್‌ವರ್ಡೂ ಬೇಡ. ಕಾರಿನಿಂದಲೇ ವಿದ್ಯುತ್ತು ತೆಗೆದುಕೊಳ್ಳುತ್ತದೆ. ಕೊನೆಗೆ ನಾನು ಉಳಿಸಿಕೊಂಡದ್ದು ಇದನ್ನೇ.

ಕೊಳ್ಳುವಾಗ ಕೋಡನ್ನು ಓದುತ್ತದೆಯೇ ಎಂದು ಮಾತ್ರ ಕೇಳಿದರೆ ಸಾಲದು, ಎಲ್ಲವೂ ಓದುತ್ತವೆ. ಈ ಕ್ಷಣದ ಅಳತೆಗಳನ್ನು, ಅಂದರೆ ನನಗೆ ಮೈನಸ್ 40ನ್ನು ತೋರಿಸಿದ ಪುಟವನ್ನು, ತೋರಿಸುತ್ತದೆಯೇ? ದೀಪ ಹೊತ್ತಿದ ಗಳಿಗೆಯಲ್ಲಿ ವೇಗವೆಷ್ಟಿತ್ತು, ಬಿಸಿಯೆಷ್ಟಿತ್ತು ಎಂಬ 'ಫ್ರೀಜ್ ಫ್ರೇಮ್' ದಾಖಲೆಯನ್ನು ಕೊಡುತ್ತದೆಯೇ? ಇವಿಲ್ಲದ ಸ್ಕ್ಯಾನರು ಅಂಕ ಹೇಳಿ ಉತ್ತರಪತ್ರಿಕೆಯನ್ನು ಬಚ್ಚಿಡುವ ಮೇಷ್ಟ್ರಂತೆ. ಅದೇ ರೀತಿ ಏರ್‌ಬ್ಯಾಗ್, ಎಬಿಎಸ್ ಎಲ್ಲವನ್ನೂ ಓದಿ, ಬಿಡಿಭಾಗಗಳಿಗೆ ಆಜ್ಞೆ ಕೊಟ್ಟು ಚಾಲೂ ಮಾಡಿ ಪರೀಕ್ಷಿಸುವ ಮೂವತ್ತು ನಲವತ್ತು ಸಾವಿರದ ಟ್ಯಾಬ್ಲೆಟ್ಟುಗಳತ್ತ ಕಣ್ಣು ಹಾಯಿಸಬೇಡಿ. ಅವು ದಿನಕ್ಕೆ ಹತ್ತು ಕಾರು ನೋಡುವ ಗ್ಯಾರೇಜಿನವನಿಗೆ. ಮನೆಯಲ್ಲಿ ಥರ್ಮಾಮೀಟರ್ ಇರಬೇಕು, ಎಕ್ಸ್‌ರೇ ಯಂತ್ರವೇಕೆ?

ಇನ್ನೊಂದು ಮಾತು. ಭಾರತ್ ಸ್ಟೇಜ್ 4 ಮೊದಲು ಜಾರಿಗೆ ಬಂದದ್ದು ಬೆಂಗಳೂರು ಸೇರಿದಂತೆ 13 ನಗರಗಳಲ್ಲಿ. ದೇಶಕ್ಕೆಲ್ಲ ಅನ್ವಯವಾದದ್ದು 2017ರ ಏಪ್ರಿಲ್‌ನಲ್ಲಿ. ಹಾಗಾಗಿ ಕೆಎ-06 ಎಂದು ಆರಂಭವಾಗುವ, ಅದಕ್ಕಿಂತ ಹಳೆಯ ಕಾರುಳ್ಳವರು ಕೊಳ್ಳುವ ಮೊದಲು ಯಾರಿಂದಲಾದರೂ ಎರವಲು ತಂದು ಪರೀಕ್ಷಿಸಿ ನೋಡುವುದು ಮೇಲು. ಸಾಕೆಟ್ಟು ಇದ್ದಮಾತ್ರಕ್ಕೆ ಅದು ಉತ್ತರ ಕೊಟ್ಟೀತೆಂಬ ಭರವಸೆಯಿಲ್ಲ. ಓದಿಯಾದ ಮೇಲೆ ಅಡಾಪ್ಟರನ್ನು ಅಲ್ಲಿಯೇ ಬಿಟ್ಟು ಹೋಗಬೇಡಿ. ಆ ಸಾಕೆಟ್ಟಿನ ಹದಿನಾರನೆಯ ಪಿನ್ನಿನಲ್ಲಿ ಕೀಲಿ ತೆಗೆದ ಮೇಲೂ ವಿದ್ಯುತ್ತಿರುತ್ತದೆ, ವಾರಗಟ್ಟಲೆ ನಿಲ್ಲಿಸಿದ ಕಾರಿನ ಬ್ಯಾಟರಿ ಬರಿದಾದೀತು.

ಇಲ್ಲಿಯವರೆಗೆ ನನ್ನ ಕೋಪ ಬಚ್ಚಿಡುವವರ ಮೇಲಿತ್ತು. ಅಷ್ಟೇ ಕೋಪ ಅಳಿಸುವವರ ಮೇಲೆಯೂ ಇದೆ. ಸ್ಕ್ಯಾನರ್ ಕೈಗೆ ಬಂದ ಹುಡುಗರು ಮೊದಲು ಮಾಡುವ ಕೆಲಸವೆಂದರೆ 'ಕ್ಲಿಯರ್' ಗುಂಡಿ ಒತ್ತುವುದು. ದೀಪ ಆರುತ್ತದೆ, ಸಂತೋಷವಾಗುತ್ತದೆ. ಅಂಕಪಟ್ಟಿಯ ಮೇಲಿನ ಕೆಂಪು ಗೆರೆಯನ್ನು ರಬ್ಬರಿನಿಂದ ಉಜ್ಜಿದರೆ ಹುಡುಗ ಪಾಸಾದನೇ? ಕೋಡಿನ ಜೊತೆಗೆ ಫ್ರೀಜ್ ಫ್ರೇಮೂ ಅಳಿದುಹೋಗುತ್ತದೆ, ಕಾರು ತನ್ನಷ್ಟಕ್ಕೆ ಮಾಡಿಕೊಂಡಿದ್ದ ಪರೀಕ್ಷೆಗಳೆಲ್ಲ ಮೊದಲಿನಿಂದ ಆರಂಭವಾಗಬೇಕಾಗುತ್ತದೆ. ಮೊದಲು ಕೋಡನ್ನು ಕಾಗದದ ಮೇಲೆ ಬರೆದುಕೊಳ್ಳಿ. ದುರಸ್ತಿಯಾದ ನಂತರವೇ ಅಳಿಸಿ.

ಈ ಅಳಿಸುವ ವಿದ್ಯೆಯನ್ನು ಚೆನ್ನಾಗಿ ಬಲ್ಲವರು ಹಳೆಯ ಕಾರು ಮಾರುವವರಲ್ಲಿ ಕೆಲವರು. ಮೊನ್ನೆ ದೀಪಾವಳಿಯ ಹೊತ್ತಿಗೆ ಕುಣಿಗಲ್ಲಿನ ತಂಗಿಯ ಮಗ, ನನ್ನ ಸೋದರಳಿಯ, 3,40,000 ರೂಪಾಯಿಗೆ ಒಂದು ಕಾರನ್ನು ಗೊತ್ತುಮಾಡಿಕೊಂಡಿದ್ದ. ಅಂಗಡಿಯ ಕೆಲಸದಲ್ಲಿ ನಾಲ್ಕು ವರ್ಷ ಕೂಡಿಟ್ಟ ದುಡ್ಡು. "ಮಾವ, ಒಂದ್ಸಲ ಬಂದು ನೋಡಿ" ಎಂದ. ನೋಡಲು ಲಕ್ಷಣವಾಗಿತ್ತು, ಯಾವ ದೀಪವೂ ಉರಿಯುತ್ತಿರಲಿಲ್ಲ, ಕೋಡೂ ಇರಲಿಲ್ಲ. ಆದರೆ 'ಕೋಡ್ ಅಳಿಸಿದ ನಂತರ ಓಡಿದ ದೂರ' ಎಂಬ ಲೆಕ್ಕವೊಂದನ್ನು ಕಾರು ಇಟ್ಟುಕೊಂಡಿರುತ್ತದೆ. ಅಲ್ಲಿ 6 ಕಿಲೋಮೀಟರ್ ಎಂದಿತ್ತು. ಕೇಳಿದೆ. ಬ್ಯಾಟರಿ ಬದಲಾಯಿಸಿದ್ದೆವೆಂದರು. ಅದರಿಂದಲೂ ಹಾಗಾಗುವುದುಂಟು, ಆದ್ದರಿಂದ ಸುಳ್ಳೆಂದು ಹೇಳಲಾರೆ. "ಎರಡು ದಿನ ಎಂದಿನಂತೆ ಓಡಿಸಿ, ಮೂರನೆಯ ದಿನ ಬಂದು ಮತ್ತೊಮ್ಮೆ ಓದುತ್ತೇನೆ" ಎಂದೆ. ಮೂರನೆಯ ದಿನ ಫೋನ್ ಮಾಡಿದರೆ ಕಾರು ಬೇರೆಯವರಿಗೆ ಕೊಟ್ಟಾಯಿತೆಂಬ ಉತ್ತರ ಬಂತು. ಅಳಿಯ ವಾರವಿಡೀ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಆ ಕಾರು ಯಾರ ಪಾಲಾಯಿತೋ!

ಬೆಂಗಳೂರಿನಲ್ಲಿ ಕಾರು ದುರಸ್ತಿಯ ವೃತ್ತಿಯಲ್ಲಿರುವ ಇನ್ನೊಬ್ಬ ಹಳೆಯ ವಿದ್ಯಾರ್ಥಿಗೆ ಈ ವಾದವನ್ನೆಲ್ಲ ಫೋನಿನಲ್ಲಿ ಒಪ್ಪಿಸಿದೆ. ಅವನು ಒಪ್ಪಲಿಲ್ಲ. "ಸಾರ್, ಜನ ಐನೂರು ರೂಪಾಯಿ ಡಬ್ಬಿ ಹಿಡಿದುಕೊಂಡು ಬಂದು, ಪಿ0420 ಬಂದಿದೆ, ಕ್ಯಾಟಲಿಟಿಕ್ ಕನ್ವರ್ಟರ್ ಬದಲಾಯಿಸಿ ಅಂತಾರೆ. ಬದಲಾಯಿಸಿದ ಮೇಲೂ ದೀಪ ಹೊತ್ತಿಕೊಂಡರೆ ನಮ್ಮ ಮೇಲೆ ಕೂಗಾಡ್ತಾರೆ" ಎಂದ. ಅವನ ಮಾತು ಸತ್ಯ. ಸೈಲೆನ್ಸರಿನ ಪೈಪು ಸೋರಿದರೂ, ಆಕ್ಸಿಜನ್ ಸೆನ್ಸಾರು ಸೊರಗಿದರೂ ಅದೇ ಕೋಡ್ ಬರಬಹುದು. ಪಿ0301 ಎಂದರೆ ಒಂದನೆಯ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ ಎಂದಷ್ಟೇ ತಿಳಿಯುತ್ತದೆ; ತಪ್ಪು ಪ್ಲಗ್ಗಿನದೋ, ಕಾಯಿಲಿನದೋ, ಇಂಜೆಕ್ಟರಿನದೋ ಎಂಬುದನ್ನು ಪಳಗಿದ ಕೈಯೇ ಹೇಳಬೇಕು. 'ಪಿ' ಅಕ್ಷರದ ಮುಂದೆ ಸೊನ್ನೆಯ ಬದಲು ಒಂದು ಇದ್ದರೆ ಆ ಕೋಡು ಆಯಾ ಕಂಪನಿಯ ಸ್ವಂತದ್ದು. ಅಗ್ಗದ ಸ್ಕ್ಯಾನರು ಅದಕ್ಕೆ ಕೊಡುವ ಅರ್ಥವನ್ನು ನಂಬಲೇಬಾರದು. ಇನ್ನು ಆ ಹಳದಿ ದೀಪ ಮಿನುಗುತ್ತಿದ್ದರೆ, ಅಥವಾ ಆಯಿಲ್, ಬಿಸಿ ಇವುಗಳ ಕೆಂಪು ದೀಪ ಹೊತ್ತಿದರೆ, ಸ್ಕ್ಯಾನರನ್ನು ಹುಡುಕುತ್ತಾ ಕೂರದೆ ಮೊದಲು ಗಾಡಿ ನಿಲ್ಲಿಸಿ ಎಂಜಿನ್ ಆರಿಸಬೇಕು.

ಇಷ್ಟನ್ನೂ ಒಪ್ಪಿಕೊಂಡ ಮೇಲೆ ಅವನನ್ನು ಕೇಳಿದೆ: "ಜನರಿಗೆ ಅರ್ಧ ತಿಳಿದಿರುವುದು ಅಪಾಯವೆಂದರೆ ಉಳಿದರ್ಧವನ್ನು ಹೇಳಿಕೊಡಬೇಕೋ, ತಿಳಿದಿರುವ ಅರ್ಧವನ್ನೂ ಕಿತ್ತುಕೊಳ್ಳಬೇಕೋ?" ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾರ್, ನೀವು ರಿಟೈರ್ ಆಗಿಲ್ಲ" ಎಂದ. ಅವನ ಕುಶಲತೆಗೆ ಎಷ್ಟು ಕೂಲಿ ಕೇಳಿದರೂ ನಾನು ಕೊಡುತ್ತೇನೆ. ನನ್ನ 850 ರೂಪಾಯಿಯೂ ಕೋಡ್ ಬರೆದ ಒಂದು ಚೀಟಿಯೊಡನೆ ಹೋಗಿದ್ದರೆ ಇಷ್ಟು ಉದ್ದ ಬರೆಯುತ್ತಲೇ ಇರಲಿಲ್ಲ.

ನನ್ನ ಸ್ಕ್ಯಾನರನ್ನು ತುಮಕೂರಿನ ಮನೆಯಲ್ಲಿ, ಬರೆಯುವ ಮೇಜಿನ ಎಡಗಡೆಯ ಖಾನೆಯಲ್ಲಿ ಇಟ್ಟಿದ್ದೇನೆ. ಗುಬ್ಬಿ, ಕುಣಿಗಲ್ ಕಡೆಯ ಬಂಧುಗಳಾಗಲಿ ಹಳೆಯ ವಿದ್ಯಾರ್ಥಿಗಳಾಗಲಿ ಬೇಕಾದಾಗ ಒಯ್ಯಬಹುದು; ನಾನಿಲ್ಲದಿದ್ದರೂ ಶ್ರೀಮತಿ ಕೊಡುತ್ತಾಳೆ. ಜೊತೆಗೆ ಇನ್ನೂರು ಪುಟದ ನೋಟ್‌ಬುಕ್ ಒಂದಿದೆ. ಕಾರಿನ ಹೆಸರು, ದಿನಾಂಕ, ಬಂದ ಕೋಡ್, ಗ್ಯಾರೇಜಿನವರು ಹೇಳಿದ್ದು, ಕೊನೆಗೆ ನಿಜವಾಗಿ ಕೆಟ್ಟಿದ್ದು ಇವಿಷ್ಟನ್ನು ಅದರಲ್ಲಿ ಬರೆದುಕೊಡಬೇಕು, ಅದೇ ಬಾಡಿಗೆ. ಇದುವರೆಗೆ ಹನ್ನೊಂದು ಮಂದಿ ಒಯ್ದಿದ್ದಾರೆ. ಒಂಬತ್ತು ಮಂದಿ ಬರೆದಿದ್ದಾರೆ. ಉಳಿದಿಬ್ಬರು ಯಾರೆಂದು ಅವರಿಗೇ ಗೊತ್ತು.